ಹೇಳಬೇಕಾದವರಿಗೊಂದು ಬಿಟ್ಟು

ಯಾವ ಕಚೇರಿಯಲ್ಲೇ ಆಗಲಿ, ಯಾರಿಗೆ ಯಾರ ಮೇಲೆ ಮುನಿಸು ಅಂತ ತಿಳಿಯಬೇಕಾದರೆ ಮುನಿಸಿಕೊಂಡವರನ್ನು ಕೇಳಿ ಪ್ರಯೋಜನವಿಲ್ಲ. ಚಹಾ ತರುವ ಹುಡುಗನನ್ನು ಕೇಳಿ. ಜೀಪಿನ ಡ್ರೈವರಿಗೂ ಗೊತ್ತಿರುತ್ತದೆ, ಪಕ್ಕದ ಸೆಕ್ಷನ್ನಿನ ಟೈಪಿಸ್ಟಿಗೂ ಗೊತ್ತಿರುತ್ತದೆ, ಮುನಿಸಿಕೊಂಡವರ ಮನೆಯಾಕೆಗಂತೂ ಅಡಿಟಿಪ್ಪಣಿ ಸಮೇತ ಗೊತ್ತಿರುತ್ತದೆ. ಗೊತ್ತಿಲ್ಲದವನು ಒಬ್ಬನೇ, ಯಾರ ಮೇಲೆ ಮುನಿಸೋ ಅವನು. ಅವನು ಪಾಪ ದಿನಾ ‘ನಮಸ್ಕಾರ ಸಾರ್’ ಅಂದುಕೊಂಡು ಓಡಾಡುತ್ತಿರುತ್ತಾನೆ. ಸಾರ್ ತಲೆ ಎತ್ತದೆ ಕಾಗದ ನೋಡುತ್ತಾರೆ. ಅವರ ಲೆಕ್ಕದಲ್ಲಿ ಅದು ಕೊನೆಯ ಎಚ್ಚರಿಕೆ. ಇವನ ಲೆಕ್ಕದಲ್ಲಿ ಸಾಹೇಬರಿಗೆ ಇವತ್ತು ಕೆಲಸ ಜಾಸ್ತಿ.

ನಾವೇನು ಜಗಳಕ್ಕೆ ಹೆದರುವ ಜನವಲ್ಲ. ಬಸ್ಸಿನಲ್ಲಿ ಐದು ರೂಪಾಯಿ ಚಿಲ್ಲರೆಗೆ ಮೆಜೆಸ್ಟಿಕ್‌ನಿಂದ ಯಶವಂತಪುರದವರೆಗೂ ಕಂಡಕ್ಟರ್ ಜೊತೆ ವಾದ ಮಾಡಬಲ್ಲೆವು. ಆದರೆ ಎದುರು ಟೇಬಲ್ಲಿನವರಿಗೆ ‘ನೀವು ಕೊಟ್ಟ ಪಟ್ಟಿ ತಪ್ಪಿತ್ತು’ ಅಂತ ಹೇಳಬೇಕು ಅಂದರೆ ಬಾಯಿ ಒಣಗುತ್ತದೆ. ಕಂಡಕ್ಟರ್ ನಾಳೆ ಸಿಗುವುದಿಲ್ಲ. ಎದುರು ಟೇಬಲ್ಲಿನವರು ನಿವೃತ್ತಿಯವರೆಗೂ ಸಿಗುತ್ತಾರಲ್ಲ!

ಸರಕಾರಿ ಕಚೇರಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಕೇಸ್ ವರ್ಕರ್ ಟಿಪ್ಪಣಿ ಬರೆದು ಕಡತ ಮೇಲಕ್ಕೆ ಕಳಿಸುತ್ತಾನೆ. ಸಾಹೇಬರಿಗೆ ಟಿಪ್ಪಣಿ ಹಿಡಿಸಲಿಲ್ಲ. ಕರೆದು ಹೇಳಬಹುದು, ಬಾಗಿಲಾಚೆಯೇ ಕೂತಿದ್ದಾನೆ. ಊಹೂಂ. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ‘ಚರ್ಚಿಸಿ’ ಅಂತ ಬರೆದು, ಕೆಳಗೊಂದು ಮೋಟು ಸಹಿ ಎಳೆದು ವಾಪಸ್ ತಳ್ಳುತ್ತಾರೆ. ನೋಡಿದ ಕೇಸ್ ವರ್ಕರ್‌ನ ಎದೆ ಧಸಕ್ಕೆನ್ನುತ್ತದೆ. ಏನು ಚರ್ಚಿಸಬೇಕು? ಎಲ್ಲಿ ತಪ್ಪಿತು? ಒಳಗೆ ಹೋದರೆ ತಿಳಿಯುತ್ತದೆ, ಅದಕ್ಕೇ ಹೋಗುವುದಿಲ್ಲ. ಸಾಹೇಬರ ಮೂಡ್ ನೋಡಿ ಹೇಳಪ್ಪಾ ಅಂತ ದಲಾಯತನಿಗೆ ಒಂದು ಚಹಾ ಕುಡಿಸುತ್ತಾನೆ. ‘ಇವತ್ತು ಬೇಡ ಸಾರ್, ಡಿಸಿ ಮೀಟಿಂಗ್‌ನಿಂದ ಬಂದವ್ರೆ’ ಅನ್ನುತ್ತಾನೆ ದಲಾಯತ. ಮರುದಿನ ಅಮಾವಾಸ್ಯೆ. ಕಡತ ಡ್ರಾಯರಿನಲ್ಲಿ ಮಲಗುತ್ತದೆ, ಅದರೊಳಗೆ ಯಾರದೋ ಕುಟುಂಬ ಪಿಂಚಣಿಯೂ ಮಲಗುತ್ತದೆ. ಈಗ ಇ-ಆಫೀಸ್ ಬಂದು ಹಸಿರು ಶಾಯಿ ಹೋಗಿದೆ. ‘ಚರ್ಚಿಸಿ’ ಮಾತ್ರ ಹೋಗಿಲ್ಲ, ಅದನ್ನೀಗ ಟೈಪ್ ಮಾಡುತ್ತಾರೆ.

ಇದೆಲ್ಲ ಸರಕಾರಿ ರೋಗ, ನಮ್ಮದು ಓಪನ್ ಕಲ್ಚರ್ ಅಂತ ವೈಟ್‌ಫೀಲ್ಡ್ ಕಡೆಯವರು ಮೂಗು ಮುರಿಯುತ್ತಾರೆ. ಅಲ್ಲಿ ಬಾಗಿಲೇ ಇಲ್ಲ, ಒಪ್ಪಿದೆ. ಬದಲಿಗೆ ಟೀಮ್ಸ್‌ನಲ್ಲಿ ‘ಹಾಯ್, ಎರಡು ನಿಮಿಷ ಇದೆಯಾ?’ ಅಂತ ಬರುತ್ತದೆ, ಬಂದವನ ಮಧ್ಯಾಹ್ನದ ಊಟ ಅಲ್ಲಿಗೆ ಮುಗಿಯಿತು. ಹೋದರೆ ಸ್ಯಾಂಡ್‌ವಿಚ್ ಫೀಡ್‌ಬ್ಯಾಕ್: ಕೆಳಗೊಂದು ಹೊಗಳಿಕೆ, ನಡುವೆ ಬೈಗುಳ, ಮೇಲೆ ಮತ್ತೆ ಹೊಗಳಿಕೆ. ಇದನ್ನು ದುಡ್ಡು ಕೊಟ್ಟು ಟ್ರೈನಿಂಗ್‌ನಲ್ಲಿ ಕಲಿಸುತ್ತಾರಂತೆ. ನಮ್ಮ ಎದುರುಮನೆ ಹುಡುಗ ಒಂದು ಸಂಜೆ ‘ಪ್ರೆಸೆಂಟೇಷನ್ ಸೂಪರ್ ಅಂದ್ರು ಅಂಕಲ್’ ಅಂತ ಕುಣಿದುಕೊಂಡು ಬಂದ. ನಡುವಿನದನ್ನು ಅಗಿಯದೆ ನುಂಗಿಬಿಟ್ಟಿದ್ದ. ಮೂರು ತಿಂಗಳಿಗೆ, ಕೆಲಸ ಸುಧಾರಿಸದಿದ್ದರೆ ಮನೆಗೆ ಅನ್ನುವ ಪಿಐಪಿ ಕಾಗದ ಕೈಗೆ ಬಂದಾಗ ‘ನನಗೆ ಯಾರೂ ಹೇಳ್ಲೇ ಇಲ್ಲ’ ಅಂದ. ಮ್ಯಾನೇಜರ್ ‘ನಾನು ಹೇಳಿದ್ದೆ’ ಅಂದರಂತೆ. ಇಬ್ಬರದೂ ನಿಜವೇ.

ಇನ್ನು ಮೇಲಿನವರನ್ನೆಲ್ಲ ಸಿಸಿಯಲ್ಲಿ ಇಟ್ಟು, ‘ತಮ್ಮ ಅವಗಾಹನೆಗೆ’ ಅಂತ ಸಹೋದ್ಯೋಗಿಯ ತಪ್ಪನ್ನು ಮೇಲ್ ಮಾಡುವ ಶೂರರು. ಇವರನ್ನು ಒಂದು ರಾತ್ರಿ ಕರಾವಳಿಯ ತಾಳಮದ್ದಳೆಗೆ ಕರೆದುಕೊಂಡು ಹೋಗಿ ವಾಲಿವಧೆ ಕೇಳಿಸಬೇಕು. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿಗಳು ಕೂತಲ್ಲೇ, ಬಾಯಿಪಾಠವಿಲ್ಲದೆ ಮಾತಿನಲ್ಲಿ ಎದುರುಬದುರಾಗಬೇಕು. ಬಾಣ ತಾಗಿ ಬಿದ್ದ ವಾಲಿ, ನನ್ನ ಮೇಲೆ ದೂರಿದ್ದರೆ ಎದುರಿಗೆ ಬಂದು ಕೇಳಬಹುದಿತ್ತಲ್ಲ, ಮರದ ಮರೆ ಯಾಕೆ ಅಂತ ಹಿಡಿದುಕೊಂಡರೆ ರಾಮನ ಅರ್ಥ ಹೇಳುವವರಿಗೆ ಬೆವರು ಒಡೆಯುತ್ತದೆ. ಸಿಸಿಯೂ ಅದೇ ಮರ, ಎಲೆ ಮಾತ್ರ ಇಲ್ಲ. ತಾಳಮದ್ದಳೆ ನನಗೆ ಮೆಚ್ಚುಗೆಯಾಗುವುದು ಇನ್ನೊಂದು ಕಾರಣಕ್ಕೆ. ಒಳ್ಳೆಯ ಅರ್ಥಧಾರಿ ಎದುರಾಳಿಯ ಮಾತನ್ನು ಪೂರ್ತಿ ಕೇಳಿ, ‘ನೀನು ಹೇಳಿದ್ದು ಹೀಗೆ ತಾನೆ?’ ಅಂತ ಅದನ್ನೇ ಎತ್ತಿಕೊಂಡು ಉತ್ತರ ಶುರು ಮಾಡುತ್ತಾನೆ. ಬೆಳಗಿನ ಜಾವಕ್ಕೆ ವಾಲಿಯೂ ರಾಮನೂ ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಾರೆ.

ಹೇಳದೆ ಬರೆದಿಡುವ ಚಟ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ದೇವ್ ದತ್ ಪ್ರಕರಣ ನೋಡಿ. ಗಡಿ ರಸ್ತೆಗಳ ಇಲಾಖೆಯ ಎಂಜಿನಿಯರ್. 1993-94ರ ಗೌಪ್ಯ ವರದಿಯಲ್ಲಿ ಮೇಲಧಿಕಾರಿಗಳು ಇವರನ್ನು ‘ಉತ್ತಮ’ ಅಂತ ಬರೆದರು. ಬೈದಿರಲಿಲ್ಲ, ಹೊಗಳಿದ್ದರು! ಆದರೆ ಬಡ್ತಿಗೆ ಬೇಕಿದ್ದದ್ದು ‘ಬಹಳ ಉತ್ತಮ’. ಆ ಒಂದು ಹೊಗಳಿಕೆಯಿಂದ ಬಡ್ತಿ ತಪ್ಪಿತು, ಹೊಗಳಿದ ವಿಷಯವನ್ನು ಅವರಿಗೆ ಯಾರೂ ತಿಳಿಸಿಯೂ ಇರಲಿಲ್ಲ. ವರದಿಯಲ್ಲಿ ಏನೇ ಬರೆಯಲಿ, ಒಳ್ಳೆಯದೋ ಕೆಟ್ಟದ್ದೋ, ನೌಕರನಿಗೆ ತಿಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಅಷ್ಟರಲ್ಲಿ ಎಂಜಿನಿಯರ್ ನಿವೃತ್ತರಾಗಿದ್ದರು.

ಹಾಗಾದರೆ ಹೇಳುವುದು ಹೇಗೆ ಅಂತೀರಾ? ನಾನು ಕಂಡ ಒಬ್ಬ ಸೂಪರಿಂಟೆಂಡೆಂಟ್ ಮೇಡಂ ಎದುರಿಗೇ ಹೇಳುತ್ತಿದ್ದರು. ಅಧಿವೇಶನದ ಕಾಲ. ಚುಕ್ಕೆ ಗುರುತಿನ ಪ್ರಶ್ನೆಗೆ ಸಂಜೆಯೊಳಗೆ ಉತ್ತರ ಹೋಗಬೇಕು. ಎಫ್‌ಡಿಎ ಕೊಟ್ಟ ಅನುಬಂಧದಲ್ಲಿ ಎರಡು ತಾಲ್ಲೂಕಿನ ಅಂಕಿ ಅದಲುಬದಲು. ಬೇರೆಯವರಾಗಿದ್ದರೆ ಸೆಕ್ಷನ್ನಿನ ನಡುವೆ ನಿಂತು ‘ನಿಮ್ಮದು ಯಾವಾಗ್ಲೂ ಇದೇ ಕಥೆ ಕಣ್ರೀ, ಬೇಕಂತಲೇ ಮಾಡ್ತೀರಾ?’ ಅನ್ನುತ್ತಿದ್ದರು. ಅವನು ತಾಲ್ಲೂಕು ಬಿಟ್ಟು ‘ಯಾವಾಗ್ಲೂ’ ಹಿಡಿದುಕೊಳ್ಳುತ್ತಿದ್ದ. ‘ಮಾರ್ಚ್‌ನಲ್ಲಿ ಭಾನುವಾರ ಬಂದು ಬಿಲ್ ಪಾಸ್ ಮಾಡಿಸಿದ್ದು ಯಾರು ಸಾರ್?’ ಶುರುವಾಯಿತು ಮಾರ್ಚ್ ಪುರಾಣ. ಅಂಕಿ ಹಾಗೇ ತಲೆಕೆಳಗಾಗಿ ವಿಧಾನಸೌಧ ಸೇರುತ್ತಿತ್ತು.

ಮೇಡಂ ಮೊದಲು ಅಂಕಿ ಸರಿಪಡಿಸಿ ಕಳಿಸಿದರು. ಅವತ್ತು ತುಟಿ ಬಿಚ್ಚಲಿಲ್ಲ. ಮರುದಿನ ಬೆಳಿಗ್ಗೆ ರೆಕಾರ್ಡ್ ರೂಮಿಗೆ ಕರೆದು ಸ್ಟೂಲ್ ಎಳೆದು ಕೂರಿಸಿದರು. ರೆಕಾರ್ಡ್ ರೂಮೇ ಯಾಕೆ? ಹಾರ್ವರ್ಡ್ ನೆಗೋಷಿಯೇಷನ್ ಪ್ರಾಜೆಕ್ಟಿನ ಸ್ಟೋನ್, ಪ್ಯಾಟನ್, ಹೀನ್ ಅನ್ನುವ ಮೂವರು 1999ರಲ್ಲಿ ‘ಡಿಫಿಕಲ್ಟ್ ಕಾನ್ವರ್ಸೇಷನ್ಸ್’ ಅಂತ ಪುಸ್ತಕ ಬರೆದಿದ್ದಾರೆ. ಇಂಥ ಪ್ರತಿ ಮಾತುಕತೆಯೊಳಗೂ ಮೂರು ನಡೆಯುತ್ತಿರುತ್ತವಂತೆ: ಏನಾಯಿತು ಅನ್ನುವುದು, ಮನಸ್ಸಿಗೆ ಏನನ್ನಿಸಿತು ಅನ್ನುವುದು, ‘ಹಾಗಾದ್ರೆ ನಾನು ಕೆಲಸಕ್ಕೆ ಬಾರದವನಾ?’ ಅನ್ನುವ ಒಳಗಿನ ತಳಮಳ. ನಮ್ಮ ಕಡೆ ನಾಲ್ಕನೆಯದೂ ಇದೆ, ‘ಪಕ್ಕದವರು ಕೇಳಿಸಿಕೊಂಡರಾ?’ ರೆಕಾರ್ಡ್ ರೂಮು ಅದಕ್ಕೆ. (ಕಪಾಟಿನ ಹಿಂದೆ ಕಡತ ಹುಡುಕುವ ನೆಪದಲ್ಲಿ ಒಬ್ಬರು ಕೇಳಿಸಿಕೊಂಡಿದ್ದರಿಂದಲೇ ನಿಮಗೂ ತಿಳಿಯುತ್ತಿದೆ. ಹೆಸರು ಕೇಳಬೇಡಿ.)

‘ನಿನ್ನೆ ಈ ಎರಡು ಸಾಲು ಅದಲುಬದಲಾಗಿದ್ವು. ಹಂಗೇ ಹೋಗಿದ್ರೆ ಮಂತ್ರಿಗಳು ಸದನದಲ್ಲಿ ತಪ್ಪು ಓದ್ತಿದ್ರು. ಹೆಂಗಾಯ್ತು ಹೇಳಿ’ ಅಂದರು ಮೇಡಂ. ಅಂದು ಸುಮ್ಮನಾದರು. ನಮ್ಮಂಥವರಿಗೆ ಕಷ್ಟವಾಗುವುದು ಈ ಸುಮ್ಮನಾಗುವುದೇ. ಪ್ರಶ್ನೆ ಕೇಳಿ, ಉತ್ತರವನ್ನೂ ನಾವೇ ಹೇಳಿ, ಶಿಕ್ಷೆಯನ್ನೂ ಕೊಟ್ಟು ಮುಗಿಸಿರುತ್ತೇವೆ. ಅವನು ಮೊದಲು ಡೇಟಾ ಎಂಟ್ರಿಯವರ ಮೇಲೆ ಹಾಕಿದ. ಮೇಡಂ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಬಾಯಿ ಬಿಟ್ಟ. ‘ತಾಲ್ಲೂಕಿನಿಂದ ಮೇಲ್ ಬರೋದು ರಾತ್ರಿ ಎಂಟಕ್ಕೆ ಮೇಡಂ. ಸಾಹೇಬ್ರು ನಾಲ್ಕಕ್ಕೇ ಕೇಳ್ತಾರೆ. ಅದಕ್ಕೆ ಫೋನಲ್ಲಿ ಕೇಳಿ ಲಕೋಟೆ ಹಿಂದೆ ಬರ್ಕೊಂಡಿದ್ದೆ.’

‘ಸರಿ. ಇನ್ಮೇಲೆ ಫೋನ್ ಅಂಕಿ ಹಾಕ್ಬೇಡಿ. ಸಹಿ ಹಾಕಿದ ಹಾಳೆ ಫೋಟೋ ತೆಗೆದು ಕಳಿಸೋಕೆ ಹೇಳಿ. ಅದಕ್ಕೆ ಲೇಟಾದ್ರೆ ಸಾಹೇಬರಿಗೆ ನಾನು ಹೇಳ್ಕೋತೀನಿ. ಆದ್ರೆ ತಾಳೆ ನೋಡೋದು ನಿಮ್ಮ ಕೆಲಸ. ಇನ್ನೊಂದ್ಸಲ ಹಿಂಗಾದ್ರೆ ಬಾಯಿಮಾತಲ್ಲಿ ಮುಗಿಸಲ್ಲ, ಮೆಮೊ ಕೊಡ್ತೀನಿ.’

ದನಿ ಏರಲಿಲ್ಲ, ಮೆಮೊ ಅನ್ನುವಾಗಲೂ. ಅವನು ‘ಆಯ್ತು ಮೇಡಂ’ ಅಂತ ಎದ್ದ. ಬಾಗಿಲ ಹತ್ತಿರ ಹೋಗಿದ್ದ, ಮೇಡಂ ಕರೆದರು. ‘ಅಂದ ಹಾಗೆ, ಹೋದ ವಾರ ರಜೆ ಅರ್ಜಿ ಕೊಡದೆ...’

‘ಅದು ನಾಳೆ ಮೇಡಂ,’ ಅಂದ. ‘ಇವತ್ತಿನ ಕೋಟಾ ಮುಗೀತು.’

ಮೇಡಂ ಒಂದು ಕ್ಷಣ ನೋಡಿದರು. ಆಮೇಲೆ ಡೈರಿ ತೆಗೆದು ‘ಹಾಗಾದ್ರೆ ನಾಳೆ ಹನ್ನೊಂದಕ್ಕೆ’ ಅಂತ ಬರೆದುಕೊಂಡರು.