ಸೀನಿಗೊಂದು ದಿಂಬು

ಹರೆಯದಲ್ಲಿ ನಾನು ನಂದಿಕೋಲು ಹೊತ್ತವನು. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಸಿದ್ಧರಾಮೇಶ್ವರರ 7 ನಂದಿಕೋಲುಗಳು ಸೊಲ್ಲಾಪುರದ 68 ಲಿಂಗಗಳನ್ನು ಸುತ್ತಿ ಬರುವಾಗ ಹತ್ತು ಹೆಜ್ಜೆಯಷ್ಟು ದೂರ ಒಂದು ಕೋಲು ನನ್ನ ಸೊಂಟದ ಮೇಲೆ ನಿಂತಿತ್ತು. ಮೊಮ್ಮಕ್ಕಳಿಗೆ ಹೇಳುವಾಗ ಆ ಹತ್ತು ಹೆಜ್ಜೆ ಅರ್ಧ ಊರಾಗಿದೆ.

ಅಂಥವನ ಮುಂದೆ, ಬೈಪಾಸಾದ ಮೂರನೇ ದಿನ, ಫಿಜಿಯೊಥೆರಪಿಯ ಹುಡುಗಿ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟಳು. ಒಳಗೆ ಮೂರು ಗುಂಡು. ಮೊದಲನೆಯದು ಏಳಲು ಸೆಕೆಂಡಿಗೆ 600 ಸಿಸಿ ಗಾಳಿ ಬೇಕು, ಮೂರೂ ಏಳಲು 1200. ಇಷ್ಟೇನಾ ಎಂದು ಕೊಳವೆ ಬಾಯಿಗಿಟ್ಟು ಶಂಖ ಊದಿದ ಹಾಗೆ ಊದಿದೆ. ಗುಂಡು ಮಿಸುಕಲಿಲ್ಲ. ಊದುವುದಲ್ಲ ಕಾಕಾ, ಒಳಗೆ ಎಳೆಯಬೇಕು ಎಂದು ಅವಳು ಮರಾಠಿಯಲ್ಲಿ ನಕ್ಕಳು. ಎಳೆದೆ. ಒಂದು ಗುಂಡು ಅರ್ಧ ಎದ್ದು, ನನ್ನ ಮುಖ ನೋಡಿ, ಮತ್ತೆ ಕೂತುಕೊಂಡಿತು.

ಎದೆಯ ನಡುಮೂಳೆಯನ್ನು ಗರಗಸದಿಂದ ಸೀಳಿ ಉಕ್ಕಿನ ತಂತಿ ಹಾಕಿ ಬಿಗಿದಿದ್ದರು. ಅದು ಕೂಡಿಕೊಳ್ಳಲು ಸುಮಾರು 12 ವಾರ. ಅಲ್ಲಿಯವರೆಗೆ ಕೈಯೂರಿ ಏಳುವಂತಿಲ್ಲ, ಮರದ ದಿಮ್ಮಿಯಂತೆ ಮಗ್ಗುಲಿಗೆ ಹೊರಳಿ ಕಾಲು ಇಳಿಬಿಟ್ಟು ಏಳಬೇಕು. ತುಂಬಿದ ಕೊಡ ಮುಟ್ಟುವಂತಿಲ್ಲ. ಆದರೆ ಕೆಮ್ಮಲೇಬೇಕು, ಇಲ್ಲದಿದ್ದರೆ ಕಫ ಪುಪ್ಪುಸದ ತಳ ಹಿಡಿದು ನ್ಯುಮೋನಿಯಾ ಆಗುತ್ತದೆ. ಕೆಮ್ಮುವಾಗ, ಸೀನುವಾಗ ಎದೆಗೊಂದು ದಿಂಬು ಅವುಚಿಕೊಳ್ಳಬೇಕು. ನನ್ನಾಕೆ ಹಳೆಯ ಸೊಲ್ಲಾಪುರಿ ಚಾದರ ಕತ್ತರಿಸಿ ಪುಟ್ಟ ದಿಂಬು ಹೊಲಿದಳು. ನೋಡಲು ಬಂದವರೆಲ್ಲ ಅದನ್ನೇ ಬೆನ್ನಿಗೆ ಕೊಟ್ಟುಕೊಂಡು ಚಹಾ ಕುಡಿದು, ಬೈಪಾಸಿನ ಬಳಿಕ ಸತ್ತ ತಮ್ಮ ತಮ್ಮ ಬೀಗರ ಕತೆ ಹೇಳಿ ಎದ್ದುಹೋಗುತ್ತಿದ್ದರು. ಹೋಗುವಾಗ ‘ನೀವು ಧೈರ್ಯಾ ಬಿಡಬ್ಯಾಡ್ರಿ’ ಎನ್ನಲು ಮರೆಯುತ್ತಿರಲಿಲ್ಲ.

ನನ್ನಪ್ಪನೂ ಕೆಮ್ಮುತ್ತಿದ್ದ. ಮಿಲ್ಲಿನಲ್ಲಿ ಮೂವತ್ತು ವರ್ಷ ಹತ್ತಿಯ ಧೂಳು ನುಂಗಿದವನು. ನಮ್ಮ ನಿದ್ದೆ ಕೆಡಬಾರದೆಂದು ರಾತ್ರಿ ಚಾದರದ ತುದಿಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದ. ಆದರೂ ನಾವು ಗೊಣಗುತ್ತಿದ್ದೆವು.

ಇರಲಿ. ಏಳನೇ ವಾರ ಅಕ್ಕಲಕೋಟೆಗೆ ಹೊರಟೆವು. ಸ್ವಾಮಿ ಸಮರ್ಥರಿಗೆ ಹರಕೆ ಹೊತ್ತವಳು ನನ್ನಾಕೆ, ತೀರಿಸಬೇಕಾದ ಮೈ ನನ್ನದು. ಸುಮಾರು 40 ಕಿಲೋಮೀಟರ್ ದಾರಿಯುದ್ದಕ್ಕೂ ಮುಂದಿನ ಜೀಪು, ಟ್ರಕ್ಕುಗಳ ಹಿಂದೆಲ್ಲ ಸ್ವಾಮಿಗಳ ಅದೇ ಅಭಯ: ಹೆದರಬೇಡ, ನಿನ್ನ ಬೆನ್ನಿಗೆ ನಾನಿದ್ದೇನೆ. ಬೆನ್ನಿಗೇನೋ ಸರಿ ಸ್ವಾಮಿ, ನನ್ನ ತಾಪತ್ರಯ ಇರುವುದು ಎದೆಯ ಕಡೆ ಎಂದುಕೊಂಡು ದಿಂಬು ಅವುಚಿದೆ.

ವಟವೃಕ್ಷದ ಗುಡಿಯ ಮುಂದೆ ಪಾಳಿ ಹಚ್ಚಿದೆವು. ಚಪ್ಪಲಿ ಇಟ್ಟು ಬರುತ್ತೇನೆಂದು ಆಕೆ ಹೋದಳು. ಕಂಕುಳಲ್ಲಿ ದಿಂಬೂ ಹೋಯಿತು. ಅದೇ ಹೊತ್ತಿಗೆ ಎಲ್ಲಿಂದಲೋ ಧೂಪದ ಹೊಗೆಯ ಒಂದು ಎಳೆ ಬಂದು ನನ್ನ ಎಡ ಹೊಳ್ಳೆಯನ್ನು ಹೊಕ್ಕಿತು.

ಸೀನು ಒಮ್ಮೆಲೇ ಬರಲಿಲ್ಲ. ಮೊದಲು ಮೂಗಿನ ತುದಿಯಲ್ಲಿ ಇರುವೆಯಂತೆ ಹರಿದಾಡಿತು. ಮೂಗು ಹಿಂಡಿದೆ. ಇರುವೆ ಹುಬ್ಬಿನ ನಡುವೆ ಹತ್ತಿತು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿದೆ. ಕಣ್ಣಲ್ಲಿ ನೀರು ಬಂತು. ಪಕ್ಕದ ಅಜ್ಜಿ ನನ್ನ ಭಕ್ತಿಗೆ ಮೆಚ್ಚಿ ತಲೆಯಾಡಿಸಿದಳು. ಒಂದು ಗಳಿಗೆ ಹೋಯಿತು ಎಂದುಕೊಂಡೆ. ಅದು ಹೋಗಿರಲಿಲ್ಲ, ಓಡಿ ಬಂದು ಹಾರಲು ಹಿಂದೆ ಸರಿದಿತ್ತು. ಒಳಗಿನ ತಂತಿಗಳು ಒಂದೊಂದಾಗಿ ಪಟಪಟನೆ ಬಿಚ್ಚಿ ಅಂಗಿಯ ಗುಂಡಿಗಳ ಜೊತೆ ಗರ್ಭಗುಡಿಯತ್ತ ಹಾರುವುದು ಕಣ್ಣಿಗೆ ಕಟ್ಟಿತು. ಬಾಯಿ ತಾನಾಗಿ ತೆರೆಯಿತು. ಎದೆ ಉಬ್ಬಿತು, ಆ ಹುಡುಗಿಯ ಮೂರೂ ಗುಂಡು ಸೂರು ಮುಟ್ಟುವಷ್ಟು ಉಬ್ಬಿತು. ಮುಂದೆ ನಿಂತಿದ್ದವನು ದಪ್ಪಗೆ, ಮೆತ್ತಗೆ, ದಿಂಬಿನಂತೆಯೇ ಇದ್ದ. ಎರಡೂ ಕೈಯಿಂದ ಅವನನ್ನು ಹಿಂದಿನಿಂದ ಬಾಚಿ ತಬ್ಬಿ, ಬೆನ್ನಿಗೆ ಎದೆಯೊತ್ತಿ, ಸೀನಿದೆ.

ಅವನು ಕೊಸರಿಕೊಳ್ಳಲಿಲ್ಲ. ತಿರುಗಿಯೂ ನೋಡಲಿಲ್ಲ. ಎರಡೂ ಕೈ ಜೋಡಿಸಿ, ಗದ್ಗದ ದನಿಯಲ್ಲಿ, ‘ಸ್ವಾಮೀ, ಬಂದೆಯಾ!’ ಎಂದ.

ಹೌದೆನ್ನಲೋ ಅಲ್ಲವೆನ್ನಲೋ ತಿಳಿಯದೆ ಹಾಗೇ ಹಿಡಿದುಕೊಂಡು ನಿಂತೆ. ಹಿಂದಿನಿಂದ ನನ್ನಾಕೆಯ ದನಿ ಕೇಳಿತು: ‘ದಿಂಬು ಇಲ್ಲೇ ನನ್ನ ಕೈಯಾಗ ಐತ್ರಿ, ಆ ಮನಿಶ್ಯಾನ್ನ ಬಿಡ್ರೀ ಇನ್ನ!’