ಕೇಳಿಸದಂತೆ ನುಡಿಸುವ ಕಷ್ಟ

ಹಿತವಾದ ಸಂಗೀತದ ಪರವಾಗಿ ವಾದಕ್ಕೆ ನಿಂತವನು ವಾದ ಶುರುವಾಗುವ ಮೊದಲೇ ಅರ್ಧ ಸೋತಿರುತ್ತಾನೆ. ಸ್ಮೂತ್ ಜಾಜ್ ಅಂದರೆ ಸಾಕು, ಬಲ್ಲವರ ಮೂಗು ತಾನಾಗಿ ಮೇಲೇರುತ್ತದೆ. ಅವರ ಪ್ರಕಾರ ಅದು ಲಿಫ್ಟಿನಲ್ಲಿ, ಹೋಟೆಲಿನ ಲಾಂಜಿನಲ್ಲಿ, ಹಲ್ಲಿನ ಡಾಕ್ಟರು ಒಳಗೆ ಕರೆಯುವವರೆಗೆ ಕಾಲ ಕಳೆಯಲು ಹಾಕುವ ವಸ್ತು. ಆದರೂ ಹೇಳಿಯೇಬಿಡುತ್ತೇನೆ: ಗಿಟಾರ್ ವಾದಕ ಜಾರ್ಜ್ ಬೆನ್ಸನ್ 1976ರಲ್ಲಿ ಹೊರತಂದ ‘ಬ್ರೀಜಿನ್’ ಆಲ್ಬಮ್ಮು ಸೋಫಾದಲ್ಲಿ ಒರಗಿ ಕೇಳುವಂಥದ್ದೇ. ಆದರೆ ಕೇಳುಗನನ್ನು ಹಾಗೆ ಒರಗಿಸಲು ಬೇಕಾದ ವಿದ್ಯೆ, ಅವನನ್ನು ಕುರ್ಚಿಯ ತುದಿಗೆ ಎಳೆದು ಕೂರಿಸಲು ಬೇಕಾದ ವಿದ್ಯೆಗಿಂತ ಗುಲಗಂಜಿಯಷ್ಟೂ ಕಡಿಮೆಯದಲ್ಲ. ಆರಾಮದ ಪರವಾಗಿ ಹೀಗೆ ಬೆವರು ಸುರಿಸುವುದು ನಗೆಪಾಟಲಿನ ಕೆಲಸ ಎಂಬುದು ನನಗೆ ಗೊತ್ತು. ಆ ಕೆಲಸದಲ್ಲಿ ನನಗೆ ಖುಷಿಯಿದೆ ಎಂಬುದು ಇನ್ನೂ ದೊಡ್ಡ ನಾಚಿಕೆ.

ಬೆನ್ಸನ್ ಬೇರೇನೂ ಬಾರದೆ ಮೆಲ್ಲಗೆ ನುಡಿಸಿದವರಲ್ಲ. 1943ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ, ಇಪ್ಪತ್ತರ ಆಸುಪಾಸಿನಲ್ಲೇ ಜ್ಯಾಕ್ ಮ್ಯಾಕ್‌ಡಫ್ ಅವರ ಆರ್ಗನ್ ತಂಡ ಸೇರಿ ಬಿಸಿಬಿಸಿ ಬ್ಲೂಸ್ ನುಡಿಸಿದವರು. 1968ರ ‘ಮೈಲ್ಸ್ ಇನ್ ದ ಸ್ಕೈ’ ಆಲ್ಬಮ್ಮಿನ ಒಂದು ರಚನೆಗೆ ಜಾಜ್ ದಿಗ್ಗಜ ಮೈಲ್ಸ್ ಡೇವಿಸ್ ಕರೆಸಿಕೊಂಡದ್ದು ಇವರನ್ನೇ; ಮೈಲ್ಸ್ ದಾಕ್ಷಿಣ್ಯಕ್ಕೆ ಯಾರನ್ನೂ ಕರೆಯುವ ಪೈಕಿಯಲ್ಲ. ಅಂಥವರು ‘ಬ್ರೀಜಿನ್’ನ ಶೀರ್ಷಿಕೆ ರಚನೆಯಲ್ಲಿ ಮಾಡುವುದೇನು? ಬಾಬಿ ವೊಮ್ಯಾಕ್ ಕಟ್ಟಿದ ಆ ಧಾಟಿಯನ್ನು 1971ರಷ್ಟು ಹಿಂದೆಯೇ ಗಾಬೊರ್ ಸಾಬೊ ನುಡಿಸಿದ್ದರು, ಹಾಗಾಗಿ ಹೊಸತೆಂಬ ಹೆಗ್ಗಳಿಕೆಯೂ ಇಲ್ಲ. ಹಾರ್ವಿ ಮೇಸನ್ ಅವರ ಡ್ರಮ್ಮು ಊಟವಾದ ಮೇಲೆ ಅಡ್ಡಾಡಲು ಹೊರಟವರ ನಡೆಯಲ್ಲಿ ಸಾಗುತ್ತದೆ. ಫಿಲ್ ಅಪ್‌ಚರ್ಚ್ ಅವರ ಜೊತೆಗಿಟಾರು ಪಕ್ಕದಲ್ಲೇ ಹೆಜ್ಜೆಹಾಕುತ್ತದೆ. ಬೆನ್ಸನ್ ಒಂದು ಸಾಲು ನುಡಿಸುತ್ತಾರೆ, ಅದು ಆರಲಿ ಎಂದು ಬಿಡುತ್ತಾರೆ, ಆಮೇಲೆ ಮುಂದಿನ ಸಾಲು. ನೂರು ಸ್ವರ ಕೈಯಲ್ಲಿದ್ದವನು ಎಂಟನ್ನು ಖರ್ಚುಮಾಡುವುದು ಹದ, ಇರುವುದೇ ಎಂಟಾದವನು ಎಂಟನ್ನೇ ಖರ್ಚುಮಾಡುವುದು ಬಡತನ. ದೂರದಿಂದ ಎರಡೂ ಒಂದೇ ಥರ ಕೇಳಿಸುತ್ತವೆ, ಈ ಪ್ರಕಾರಕ್ಕೆ ಬಂದ ಕೆಟ್ಟ ಹೆಸರಿನ ಮೂಲ ಅದೇ. ಅನುಮಾನವಿದ್ದವರು ಹೋಸೆ ಫೆಲಿಸಿಯಾನೊ ರಚಿಸಿದ ‘ಅಫರ್ಮೇಷನ್’ ಕೇಳಬಹುದು. ಅಲ್ಲಿ ಬೆರಳುಗಳು ಕಟ್ಟು ಬಿಚ್ಚಿದ ಕರುವಿನಂತೆ ಓಡುತ್ತವೆ, ಆದರೂ ಲೋಟದ ಕಾಫಿ ತುಳುಕುವುದಿಲ್ಲ.

ಗಮನ ಬೇಡದ ಸಂಗೀತ ಎಷ್ಟು ಕಷ್ಟ ಎಂಬುದಕ್ಕೆ ನನ್ನ ಬಳಿ ಇರುವ ದೊಡ್ಡ ಸಾಕ್ಷಿ 1920ರ ಪ್ಯಾರಿಸ್ಸಿನದು. ಎರಿಕ್ ಸಾತಿ ಎಂಬ ವಿಚಿತ್ರ ಪ್ರತಿಭೆಯ ಸಂಗೀತ ರಚನೆಕಾರರು, ಗೆಳೆಯ ಡಾರಿಯಸ್ ಮಿಯೊ ಜೊತೆ ಸೇರಿ ‘ಪೀಠೋಪಕರಣ ಸಂಗೀತ’ ಎಂಬುದನ್ನು ಹುಟ್ಟುಹಾಕಿದರು. ಮೇಜು ಕುರ್ಚಿಯ ಹಾಗೆ ಅದು ಕೋಣೆಯಲ್ಲಿ ಇರಬೇಕು, ಯಾರೂ ಗಮನಿಸಕೂಡದು. ಬಾರ್ಬಜಾಂಜ್ ಗ್ಯಾಲರಿಯಲ್ಲಿ ನಾಟಕದ ವಿರಾಮದ ವೇಳೆಗೆ ಇದರ ಪ್ರಯೋಗ. ಎಲ್ಲಿಂದ ಬರುತ್ತಿದೆ ಎಂದು ತಿಳಿಯದಿರಲೆಂದು ಕ್ಲಾರಿನೆಟ್ಟಿನವರನ್ನು ಬೇರೆಬೇರೆ ಮೂಲೆಗಳಲ್ಲಿ ನಿಲ್ಲಿಸಿ, ಪಿಯಾನೊವನ್ನು ಇನ್ನೊಂದು ಮೂಲೆಗೆ ಸರಿಸಿದ್ದರು. ಇದಕ್ಕೆ ಕಿವಿಗೊಡಬೇಡಿ ಎಂದು ಮೊದಲೇ ತಿಳಿಸಿಯೂ ಆಗಿತ್ತು. ವಾದ್ಯ ಶುರುವಾಯಿತು ನೋಡಿ, ಕಾಲಾಡಿಸಲು ಎದ್ದಿದ್ದ ಮಹನೀಯರೆಲ್ಲ ದಡಬಡ ಬಂದು ತಂತಮ್ಮ ಜಾಗದಲ್ಲಿ ಕೂತು ಮೌನವಾಗಿ ಆಲಿಸತೊಡಗಿದರು! ಮಾತಾಡಿ, ಓಡಾಡಿ, ದಯವಿಟ್ಟು ಕೇಳಬೇಡಿ ಎಂದು ಸಾತಿ ಕೂಗಿಕೊಂಡರೂ ಸಭೆ ಜಗ್ಗಲಿಲ್ಲ. ಸಂಗೀತಕ್ಕಾಗಿ ಮೌನ ಬೇಡಿದವರು ಲಕ್ಷ ಜನ ಇದ್ದಾರು, ಗಲಾಟೆ ಬೇಡಿ ಸೋತ ಪುಣ್ಯಾತ್ಮ ಇವರೊಬ್ಬರೇ ಇರಬೇಕು. ನಮ್ಮ ಯಾವುದಾದರೂ ಮದುವೆಮನೆಗೆ ಬಂದಿದ್ದರೆ ಅವರ ಕನಸು ಹತ್ತು ನಿಮಿಷದಲ್ಲಿ ಕೈಗೂಡುತ್ತಿತ್ತು. ವಾಲಗದವರು ಮುಂಜಾನೆಯಿಂದ ನುಡಿಸುತ್ತಲೇ ಇರುತ್ತಾರೆ, ಜನ ಸೀರೆ, ಸೈಟು, ಸಕ್ಕರೆ ಕಾಯಿಲೆಗಳ ಮಾತಾಡುತ್ತಲೇ ಇರುತ್ತಾರೆ. ಆದರೆ ಪುರೋಹಿತರ ಬೆರಳು ಮೇಲೆದ್ದ ಕ್ಷಣ ಗಟ್ಟಿಮೇಳ ಮೊಳಗಬೇಕು. ಅರೆಗಳಿಗೆ ತಡವಾದರೆ ಇಡೀ ಸಭೆ ತಿರುಗಿ ನೋಡುತ್ತದೆ. ಅಲ್ಲಿಯವರೆಗೆ ಯಾರೂ ಕೇಳದಂತೆ ನುಡಿಸಿದ್ದು ಗಟ್ಟಿಮೇಳ ಬಲ್ಲ ಆ ಕಲಾವಿದರೇ ತಾನೆ?

ದುಡ್ಡಿನಾಸೆಗೆ ಬೆನ್ಸನ್ ಜಾಜನ್ನು ಮಾರಿಕೊಂಡರು ಎಂಬುದು ಹಳೆಯ ಆಕ್ಷೇಪ. ಆಲ್ಬಮ್ಮು ಅಮೆರಿಕದಲ್ಲಿ ಲಕ್ಷಗಟ್ಟಲೆ ಮಾರಿತು, ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಅದರಲ್ಲಿ ಅವರು ಹಾಡಿದ ಒಂದೇ ಒಂದು ಹಾಡು, ಲಿಯೊನ್ ರಸಲ್ ರಚಿಸಿದ ‘ದಿಸ್ ಮಾಸ್ಕರೇಡ್’, ವರ್ಷದ ರೆಕಾರ್ಡ್ ಎಂದು ಗ್ರ್ಯಾಮಿ ಗೆದ್ದಿತು. ಗೆದ್ದದ್ದೆಲ್ಲ ಹಗುರ ಎಂಬುದು ಸೋತವರ ತಕ್ಕಡಿ. ಸಂಗೀತ ಎಚ್ಚರಿಸಬೇಕು, ಮಲಗಿಸಕೂಡದು ಎಂಬ ಇನ್ನೊಂದು ಆಕ್ಷೇಪಕ್ಕೆ ನೀಲಾಂಬರಿ ಎಂದರೆ ಸಾಕು. ತೊಟ್ಟಿಲ ರಾಗವೆಂದು ಅದನ್ನು ಯಾವ ವಿದ್ವಾಂಸರೂ ಕಚೇರಿಯಿಂದ ಹೊರಗಿಟ್ಟಿಲ್ಲ. ಒಂದನ್ನು ಮಾತ್ರ ಒಪ್ಪಲೇಬೇಕು: ಬೆನ್ಸನ್ ಹಿಂದೆ ಬಂದ ನಕಲಿಗಳ ದಂಡು ನಿಜಕ್ಕೂ ಅಸಹ್ಯ. ಹತ್ತು ಗಂಟೆ ಉದ್ದದ ವಿಶ್ರಾಂತಿ ಸಂಗೀತ ಎಂದು ಈಗ ಮಾರುವ ಸರಕಿಗೆ ನೀರಸಾರು ಎಂದರೂ ಸಾರಿಗೆ ಅವಮಾನ.

ಈ ಜಗಳದಲ್ಲಿ ಮೊದಲು ಏಟು ತಿಂದವರು ಬೆನ್ಸನ್ನರಿಗಿಂತ ಹಿರಿಯ ಗಿಟಾರ್ ವಾದಕ ವೆಸ್ ಮಾಂಟ್‌ಗಮೆರಿ. ಇಂಡಿಯಾನಾಪೊಲಿಸ್‌ನಲ್ಲಿ ಹಗಲು ಕಾರ್ಖಾನೆ, ರಾತ್ರಿ ಕ್ಲಬ್ಬು, ಮನೆಯಲ್ಲಿ ಏಳು ಮಕ್ಕಳು. ಮನೆಯವರಿಗೂ ನೆರೆಯವರಿಗೂ ಸದ್ದಾಗಬಾರದೆಂದು ಪ್ಲೆಕ್ಟ್ರಮ್ ಬಿಟ್ಟು ಹೆಬ್ಬೆರಳಿನಲ್ಲೇ ಮೀಟಿ ಕಲಿತರು; ಜಗತ್ತು ಮೆಚ್ಚಿದ ಆ ಮೆತ್ತನೆಯ ನಾದ ಹುಟ್ಟಿದ್ದು ಇನ್ನೊಬ್ಬರ ನಿದ್ದೆಯ ಮೇಲಿನ ಕಾಳಜಿಯಿಂದ. 1967ರ ‘ಎ ಡೇ ಇನ್ ದ ಲೈಫ್’ ಚೆನ್ನಾಗಿ ಮಾರಿ ಕೈಗೆ ನಾಲ್ಕು ಕಾಸು ಬಂದಾಗ, ಇವರು ಕೆಟ್ಟರು ಎಂದು ವಿಮರ್ಶಕರು ಬರೆದರು. ಮರುವರ್ಷವೇ ಹೃದಯಾಘಾತವಾಗಿ ತೀರಿಕೊಂಡರು. ಆಗ ವಯಸ್ಸು 45.

ಇನ್ನು ಸೋಫಾದಲ್ಲಿ ಕರಗಿದವರ ವಿಷಯ. ‘ಬ್ರೀಜಿನ್’ ಎಲ್‌ಪಿಯಲ್ಲಿ ಇರುವುದು ಆರೇ ರಚನೆ, ಒಂದೊಂದು ಮಗ್ಗುಲಿಗೆ ಇಪ್ಪತ್ತು ನಿಮಿಷದೊಳಗೆ. ‘ಅಫರ್ಮೇಷನ್’ ಇರುವುದು ಎರಡನೆಯ ಮಗ್ಗುಲಲ್ಲಿ. ಅದನ್ನು ಕೇಳಬೇಕಾದರೆ ಎದ್ದು ಹೋಗಿ ತಟ್ಟೆ ಮಗುಚಬೇಕು.