ರಾಯರ ಗೇರ್‌ಬಾಕ್ಸ್

ಹಳೇ ಕಾರಿನ ಹುಚ್ಚು ಹಿಡಿದವರಲ್ಲಿ ಎರಡು ಪಂಗಡ: ಓಡಿಸುವವರು, ಬಿಚ್ಚುವವರು. ಓಡಿಸುವವರು ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಸುತ್ತ ಸಿಗುತ್ತಾರೆ. ತಲೆಗೆ ಟೋಪಿ, ಕಣ್ಣಿಗೆ ಕರಿ ಕನ್ನಡಕ, ಪಕ್ಕದಲ್ಲಿ ನಗುಮುಖದ ಹೆಂಡತಿ. ಬಿಚ್ಚುವವರ ಮುಖ ಕಂಡವರು ಕಡಿಮೆ. ಕಾರಿನಡಿಯಿಂದ ಹೊರಗೆ ಚಾಚಿದ ಪಾದಗಳನ್ನು ನೋಡಿಯೇ ಗುರುತು ಹಿಡಿಯಬೇಕು. ಅವರಿಗೂ ಹೆಂಡತಿ ಇರುತ್ತಾರೆ, ನಗುಮುಖದ ಮಾತು ಬೇಡ.

ಬಸವನಗುಡಿಯ ನಮ್ಮ ರಾಯರು ಎರಡನೆಯ ಪಂಗಡದ ಹಿರಿಯರು. ಬ್ಯಾಂಕಿನಿಂದ ನಿವೃತ್ತರಾದವರು, ಲೆಡ್ಜರಿನಲ್ಲಿ ಎರಡು ಪೈಸೆ ತಾಳೆಯಾಗದಿದ್ದರೆ ರಾತ್ರಿ ಊಟ ಬಿಟ್ಟವರು. ತಂದೆಯಿಂದ ಬಂದ ಆಸ್ತಿ ಎಂದರೆ 1961ರ ಕಪ್ಪು ಅಂಬಾಸಿಡರ್. ಸೈಟು ತಮ್ಮನ ಪಾಲಿಗೆ ಹೋಯಿತು. ಆ ಭಾಗದಲ್ಲಿ ಗೆದ್ದವರು ತಾವೇ ಎಂದು ರಾಯರು ಇವತ್ತಿಗೂ ನಂಬಿದ್ದಾರೆ. ದಾರಿಯಲ್ಲಿ ಸಿಕ್ಕಾಗ ‘ಹೇಗಿದ್ದೀರಿ ರಾಯರೆ?’ ಎಂದರೆ ‘ಸೆಕೆಂಡ್ ಗೇರ್ ನಿಲ್ತಾ ಇಲ್ಲ ಸ್ವಾಮೀ’ ಎನ್ನುತ್ತಾರೆ. ಬಿ.ಪಿ., ಶುಗರ್ ಎಲ್ಲ ಆಮೇಲೆ.

ಆ ಗೇರ್‌ಬಾಕ್ಸ್ ಕೆಟ್ಟದ್ದಕ್ಕೆ ಮಗ ಕಾರಣ. ಈ ಕಾರಿನಲ್ಲಿ ಎರಡು, ಮೂರು, ನಾಲ್ಕನೆಯ ಗೇರುಗಳಿಗೆ ಹಲ್ಲುಗಳ ವೇಗ ತಾನೇ ಹೊಂದಿಸುವ ಸಿಂಕ್ರೊಮೆಶ್ ಉಂಟು, ಫಸ್ಟಿಗೆ ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಹಾಕಬೇಕು, ಇಲ್ಲವೇ ಡಬಲ್ ಕ್ಲಚ್ ತುಳಿದು ಆಕ್ಸಿಲರೇಟರ್ ಹದವಾಗಿ ಕೊಟ್ಟು ಹಲ್ಲಿಗೆ ಹಲ್ಲು ಕೂಡಿಸಬೇಕು. ಡ್ರೈವಿಂಗ್ ಕಲಿಯುವ ಹುರುಪಿನಲ್ಲಿ ಹುಡುಗ ಉರುಳುತ್ತಿದ್ದ ಗಾಡಿಯಲ್ಲೇ ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ಫಸ್ಟಿಗೆ ಎಳೆದ. ಆ ಶಬ್ದಕ್ಕೆ ಬೀದಿಯ ನಾಯಿಗಳೆಲ್ಲ ಎದ್ದು ನಿಂತವಂತೆ. ಹುಡುಗ ಈಗ ಅಮೆರಿಕದಲ್ಲಿದ್ದಾನೆ, ಅಲ್ಲಿ ಅವನದು ಗೇರಿಲ್ಲದ ಕಾರು. ಅವನು ದೇಶ ಬಿಟ್ಟದ್ದಕ್ಕಿಂತ ಈ ಸಂಗತಿಯೇ ರಾಯರಿಗೆ ಹೆಚ್ಚು ನೋವು.

ಎಣ್ಣೆ ಇಳಿಸಿ ನೋಡುವುದು ಮೊದಲ ಪರೀಕ್ಷೆ. ಹಿತ್ತಾಳೆಯ ಮಿನುಗು ಕಂಡರೆ ಸಿಂಕ್ರೊ ರಿಂಗು ಸವೆದಿದೆ, ಉಕ್ಕಿನ ಚೂರು ಕಂಡರೆ ಗೇರಿನ ಹಲ್ಲೋ ಬೇರಿಂಗೋ ಹೋಗಿದೆ. ರಾಯರಿಗೆ ಎರಡೂ ಕಂಡವು. ಹಬ್ಬಕ್ಕೆ ಹೋಳಿಗೆ ಜೋಡಿಸುವ ಸ್ಟೀಲ್ ತಟ್ಟೆಯಲ್ಲಿ ಕಂಡವು ಎಂಬುದಷ್ಟೇ ಮನೆಯಲ್ಲಿ ಚರ್ಚೆಯಾಯಿತು.

ಶಿವಾಜಿನಗರದ ಗುಜರಿಗೆ ರಾಯರ ಓಡಾಟ ಶುರುವಾದದ್ದು ಆಗ. ಒಂದು ಮಧ್ಯಾಹ್ನ ಆಟೋದಲ್ಲಿ, ಗೋಣಿಚೀಲದಲ್ಲಿ ಸುತ್ತಿದ ಒಂದು ಗೇರ್‌ಬಾಕ್ಸನ್ನು ಸೀಟಿನ ಮೇಲೆ ಕೂರಿಸಿ, ತಾವು ಅಂಚಿನಲ್ಲಿ ಒರಗಿಕೊಂಡು ಬಂದರು. ಮೇಲಿನ ಮುಚ್ಚಳ ಇಲ್ಲ, ಹಿಂದಿನ ಬಾಲ ಇಲ್ಲ, ಎರಕದಲ್ಲಿ ಮೂಡಿದ್ದ ನಂಬರು ಅರ್ಧ ಸವೆದಿದೆ. ಯಾವ ಗಾಡಿಯದು ಎಂದು ಗುಜರಿಯವನನ್ನು ಕೇಳಿದರೆ ‘ಹಳೇ ಗಾಡೀದು ಸಾರ್’ ಎಂದನಂತೆ. ರಾಯರಿಗೆ ಬೇಕಾಗಿದ್ದುದೂ ಅಷ್ಟೇ.

ಸಾಮಾನ್ಯ ಮನುಷ್ಯನಾದರೆ ಅದನ್ನು ಗಾಡಿಗೆ ಹೊಂದಿಸಿ ನೋಡುತ್ತಿದ್ದ. ರಾಯರು ಮೊದಲು ಮೂಲ ಕೆದಕಲು ಕೂತರು. ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರಿನ ಮೈ ಮಾರಿಸ್ ಆಕ್ಸ್‌ಫರ್ಡಿನದು. 1959ರ ಸುಮಾರಿಗೆ ಅದಕ್ಕೆ ಬಂದ 1489 ಸಿಸಿ ಎಂಜಿನ್ನು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸಿನದು. ಅದೇ 1489 ಸಿಸಿ ಎಂಜಿನ್ನು ಇಂಗ್ಲೆಂಡಿನ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನ ಗಾಡಿಯೂ ಬಿಳಿಯ ಹುಡುಗರು ಗಾಳಿಗೆ ಕೂದಲು ಹಾರಿಸುತ್ತಿದ್ದ ಗಾಡಿಯೂ ದಾಯಾದಿಗಳು! ಹಾಗಿದ್ದ ಮೇಲೆ ಈ ಪೆಟ್ಟಿಗೆ ಎಂಜಿಎಯದೇ ಏಕಾಗಿರಬಾರದು? ಅನುಮಾನ ಹುಟ್ಟಿದ ದಿನ ರಾಯರು ಎರಡು ಸಲ ಕಾಫಿ ಕುಡಿದರು.

ಪರೀಕ್ಷೆಯ ವಿಧಾನ ಸರಳ. ಇನ್‌ಪುಟ್ ಶಾಫ್ಟಿಗೊಂದು, ಔಟ್‌ಪುಟ್ ಶಾಫ್ಟಿಗೊಂದು ಸೀಮೆಸುಣ್ಣದ ಗೆರೆ. ಫಸ್ಟ್ ಗೇರಿಗೆ ಹಾಕಿ, ಔಟ್‌ಪುಟ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಇನ್‌ಪುಟ್ ಎಷ್ಟು ಸುತ್ತಿತೆಂದು ಎಣಿಸಿದರೆ ಅದೇ ರೇಶಿಯೊ. ಟಾಪ್ ಗೇರಿನಲ್ಲಿ ಸುತ್ತಿಗೆ ಸುತ್ತು ಸಮ. ಎಂಜಿಎಯ ಫಸ್ಟ್ ಗೇರಿಗೆ 3.64 ಬರಬೇಕು. ರಾಯರಿಗೆ ಬೆಳಿಗ್ಗೆ ಮೂರೂವರೆ ಬಂತು, ಸಂಜೆ ನಾಲ್ಕಕ್ಕೆ ಸ್ವಲ್ಪ ಕಡಿಮೆ ಬಂತು. ತಿರುಗಿಸಲು ಕರೆದದ್ದು ಹೆಂಡತಿಯನ್ನು, ಆಕೆ ಒಲೆಯ ಮೇಲೆ ಹಾಲಿಟ್ಟು ಬಂದಿದ್ದರು. ‘ಅಳಿಯನ ಬಗ್ಗೆ ನೀವು ಇಷ್ಟು ವಿಚಾರಿಸಿರಲಿಲ್ಲ’ ಎಂದರಾಕೆ. ‘ಅಳಿಯ ಹೊಸಬ ಕಣೇ, ಕಾಗದಪತ್ರ ಎಲ್ಲ ಇತ್ತು’ ಎಂದರು ರಾಯರು.

ಮೆಕ್ಯಾನಿಕ್ ಬಾಯ್‌ಗೆ ಇದ್ಯಾವುದೂ ಹಿಡಿಸದು. ಅವರದು ಒಂದೇ ಮಂತ್ರ: ‘ಐಸುಜು ಹಾಕ್ಬಿಡಿ ಸಾರ್.’ 1990ರ ದಶಕದಲ್ಲಿ ಅಂಬಾಸಿಡರಿಗೆ ಐಸುಜು ಎಂಜಿನ್ನಿನ ಜೊತೆ ಬಂದ ಐದು ಗೇರಿನ ಪೆಟ್ಟಿಗೆ ಅದು, ಕಡ್ಡಿ ನೆಲದಿಂದ ಏಳುತ್ತದೆ. ರಾಯರ ಕಿವಿಗೆ ಈ ಸಲಹೆ ಶ್ರಾದ್ಧದಡುಗೆಗೆ ಬೆಳ್ಳುಳ್ಳಿ ಹಾಕಿದಂತೆ ಕೇಳಿಸುತ್ತದೆ. ತಮಾಷೆ ಎಂದರೆ ಕಾನೂನು ಇವರಷ್ಟು ಮಡಿವಂತಿಕೆಯದಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ಎಂದು ‘ವಿಎ’ ಅಕ್ಷರದ ನಂಬರು ಸಿಗುತ್ತದೆ, ಮೊದಲ ನೋಂದಣಿಗೆ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್ನು ಮೂಲದಂತೆ ಇರಬೇಕೆಂದು ಅದು ಹೆಸರಿಸಿ ಹೇಳುತ್ತದೆ. ಗೇರ್‌ಬಾಕ್ಸನ್ನು ಹೆಸರಿಸುವುದೇ ಇಲ್ಲ. ಇದನ್ನು ಓದಿ ರಾಯರು ಸರ್ಕಾರದ ಮೇಲೆ ವಾರವಿಡೀ ಕೋಪಗೊಂಡಿದ್ದರು. ಅದೇ ನಿಯಮದ ಇನ್ನೊಂದು ಮಾತು ಮಾತ್ರ ಬಹಳ ಮೆಚ್ಚಿಕೆಯಾಯಿತು: ಹಾಗೆ ನೋಂದಣಿಯಾದ ಗಾಡಿ ದಿನದ ಓಡಾಟಕ್ಕಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲಿಗಷ್ಟೇ. ಗಾಡಿಗೆ ಇನ್ನೂ ಆ ನಂಬರು ಮಾಡಿಸಿಲ್ಲ. ಆದರೂ ಗಾಂಧಿ ಬಜಾರಿಗೆ ಕರೆದೊಯ್ಯಿರಿ ಎಂದ ಹೆಂಡತಿಗೆ ಆ ಕಲಮನ್ನು ಓದಿ ಹೇಳಿದರು.

ಪೆಟ್ಟಿಗೆ ಗಾಡಿಗೆ ಕೂರಬೇಕಾದರೆ ನೋಡಬೇಕಾದದ್ದು ಬೇರೆಯೇ ಇದೆ. ಕ್ಲಚ್ ಪ್ಲೇಟಿನ ಕಚ್ಚುಗಳಿಗೆ ಶಾಫ್ಟಿನ ಹಲ್ಲು ಹೊಂದಬೇಕು, ಶಾಫ್ಟಿನ ಮೂತಿ ಪೈಲಟ್ ಬುಷ್ಷಿನಲ್ಲಿ ಆಡಬೇಕು, ಬೆಲ್ ಹೌಸಿಂಗಿನ ಬೋಲ್ಟಿನ ತೂತು ಎಂಜಿನ್ನಿಗೆ ನೇರ ಬರಬೇಕು, ಪ್ರೊಪೆಲರ್ ಶಾಫ್ಟು ಗಿಡ್ಡ ಉದ್ದ ಆಗಬಾರದು. ಬಾಯ್ ಅರ್ಧ ದಿನದಲ್ಲಿ ಇಷ್ಟನ್ನೂ ಅಳೆದು, ಹಳೇ ಪೆಟ್ಟಿಗೆಯ ಮುಚ್ಚಳ, ಬಾಲ ತಂದು ಇದಕ್ಕಿಟ್ಟು ನೋಡಿ, ‘ಕೂರುತ್ತೆ ಸಾರ್’ ಎಂದರು. ರಾಯರ ಮುಖ ಇಳಿಯಿತು. ಕೂರುವುದು ಮುಖ್ಯವಲ್ಲ ಬಾಯ್, ಯಾರದು ಅಂತ ಗೊತ್ತಾಗಬೇಕಲ್ಲ, ಎಂದರು.

ಈ ಮಧ್ಯೆ ಅವರ ಗುಮಾನಿ ಊರೆಲ್ಲ ಹರಡಿ ಚೆನ್ನೈವರೆಗೆ ಹೋಗಿ, ಅಲ್ಲಿಂದ ಎಂಜಿಎ ಇಟ್ಟುಕೊಂಡ ಒಬ್ಬ ಸದ್ಗೃಹಸ್ಥರು ಚೆಕ್ ಬುಕ್ ಸಮೇತ ಬಂದಿಳಿದರು. ಅವರ ಕಣ್ಣಿನಲ್ಲಿ ಆಸೆ ಕಂಡದ್ದೇ ತಡ, ರಾಯರಿಗೆ ಜ್ಞಾನೋದಯವಾಯಿತು. ಆವರೆಗೆ ಇಂಗ್ಲೆಂಡಿಗೆ ಬೊಟ್ಟು ತೋರಿಸುತ್ತಿದ್ದ ಸವೆದ ನಂಬರೇ ಈಗ ಉತ್ತರಪಾರಾದ ಕಡೆ ತಿರುಗಿತು. ‘ಇಲ್ಲ ಸ್ವಾಮೀ, ಅಪ್ಪಟ ಅಂಬಾಸಿಡರಿಂದು. ಈ ಸೀಮೆಸುಣ್ಣದ ಗೆರೆ ನೋಡಿ, ಸುತ್ತು ಎಣಿಸಿ’ ಎಂದು ಅವರನ್ನೇ ಕೂರಿಸಿ ಶಾಫ್ಟು ತಿರುಗಿಸಿದರು. ಬಂದವರು ಎಣಿಸಿ, ಬೆವರಿ, ಒಪ್ಪಿಕೊಂಡು, ತಿಂಡಿ ತಿಂದು ರಾತ್ರಿ ರೈಲಿಗೆ ಹೋದರು.

ಮಾರನೆಯ ದಿನ ಬಾಯ್ ಜ್ಯಾಕು, ಸ್ಪ್ಯಾನರು ಎಲ್ಲ ತಂದರು. ‘ಅಂಬಾಸಿಡರ್‌ದೇ ಅಂತ ಗ್ಯಾರಂಟಿ ಆಯ್ತಲ್ಲ ಸಾರ್. ಹತ್ತಿಸಿಬಿಡ್ಲಾ?’

ರಾಯರು ಕನ್ನಡಕ ಒರೆಸಿಕೊಂಡರು.

‘ತಡಿ ಬಾಯ್. ಅವರು ಅಷ್ಟು ಬೇಗ ಒಪ್ಪಿಕೊಂಡಿದ್ದು ಯಾಕೋ ಅನುಮಾನ.’